ಹಳೇ ಲಾರಿಯ ಗೇರ್‌ಬಾಕ್ಸ್ ಬದಲಾಗಿದೆಯೇ? ಅಡ್ವಾನ್ಸ್ ಕೊಡುವ ಮುಂಚೆ ನೋಡಿ

ಸೆಕೆಂಡ್ ಹ್ಯಾಂಡ್ ಲಾರಿ ನೋಡಲು ಹೋದವರು ಆರ್‌ಸಿ ಕೇಳುತ್ತಾರೆ, ಚಾಸಿ ನಂಬರ್ ಉಜ್ಜಿ ಓದುತ್ತಾರೆ, ಇಂಜಿನ್ ನಂಬರ್ ತಾಳೆ ಹಾಕುತ್ತಾರೆ. ಎರಡೂ ಕೂಡಿಬಂದರೆ ಗಾಡಿ ಒರಿಜಿನಲ್ ಅಂದುಕೊಳ್ಳುತ್ತಾರೆ. ಗೇರ್‌ಬಾಕ್ಸ್ ನಂಬರ್ ಆರ್‌ಸಿಯಲ್ಲಿ ಇರುವುದೇ ಇಲ್ಲ. ಗಾಡಿ ತುಮಕೂರಿನ ಕೆಎ-06 ಆಗಲಿ, ಕೋಲಾರದ ಕೆಎ-07 ಆಗಲಿ, ಚಿಕ್ಕಬಳ್ಳಾಪುರದ ಕೆಎ-40 ಆಗಲಿ, ಕಾಗದ ನೋಡಿ ಗೇರ್‌ಬಾಕ್ಸಿನ ಚರಿತ್ರೆ ಹೇಳಲಾಗದು. ಅದಕ್ಕೆ ಗಾಡಿಯ ಅಡಿಗೇ ಹೋಗಬೇಕು.

ನಮ್ಮ ಕಡೆ ಈ ಬದಲಾವಣೆ ಯಾಕೆ ಆಗುತ್ತದೆ ಅನ್ನುವುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರದ ಕ್ರಷರುಗಳಿಂದ ಜಲ್ಲಿ, ಎಂ-ಸ್ಯಾಂಡ್ ಹೊರುವ ಟಿಪ್ಪರಿಗೆ ಎಳೆತ ಬೇಕು, ಓಟ ಬೇಡ. ಕೋಲಾರ ಎಪಿಎಂಸಿಯಿಂದ ಟೊಮೇಟೊ ತುಂಬಿ ರಾಜ್ಯ ದಾಟುವ ಗಾಡಿಗೆ ಓಟ ಬೇಕು, ಮೈಲೇಜ್ ಬೇಕು. ಒಂದು ಕಸುಬಿನ ಗಾಡಿ ಇನ್ನೊಂದು ಕಸುಬಿಗೆ ಬಂದಾಗ ಗೇರ್‌ಬಾಕ್ಸಿಗೋ ಹಿಂದಿನ ಹೌಸಿಂಗಿನ (ಹಿಂದಿನ ಆಕ್ಸಲ್ಲಿನ ಗೇರು ಇರುವ ಪೆಟ್ಟಿಗೆ) ಕ್ರೌನ್-ಪಿನಿಯನ್ನಿಗೋ (ಅದರೊಳಗಿನ ದೊಡ್ಡ-ಚಿಕ್ಕ ಹಲ್ಲಿನ ಜೋಡಿ) ಕೈ ಬಿದ್ದಿರುವುದು ಸಾಮಾನ್ಯ. ಇನ್ನೊಂದು ಕಾರಣ ಬಡತನದ್ದು: ಒಳಗಿನ ಹಲ್ಲು ಮುರಿದಾಗ ರಿಪೇರಿ ದುಬಾರಿಯಾಗಿ, ಗುಜರಿಯಿಂದ ಸಿಕ್ಕ ಬಾಕ್ಸ್ ತಂದು ಕೂರಿಸಿರುತ್ತಾರೆ.

ಮೊದಲು ತಗಡು ಓದಿ

ಗಾಡಿಯನ್ನು ಪಿಟ್ ಇರುವ ಗ್ಯಾರೇಜಿಗೆ ತರಿಸಿ. ಸಮನೆಲ, ಇಂಜಿನ್ ಆಫ್, ಚಕ್ರಗಳ ಎರಡೂ ಕಡೆ ಮರದ ಅಡಚು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಟಿಪ್ಪರಿನ ಬಾಡಿ ಎತ್ತಿದ್ದರೆ ಸೇಫ್ಟಿ ಸ್ಟ್ಯಾಂಡ್ ಕೊಡದೆ ಅದರಡಿ ತಲೆ ಹಾಕಬಾರದು.

ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಬಾಕ್ಸಿನ ಎರಡು ಪಕ್ಕವನ್ನೂ ಒರೆಸಿ. ಸಣ್ಣ ತಗಡಿನ ಪ್ಲೇಟು ಇದ್ದರೆ ಅದರ ಫೋಟೊ ತೆಗೆಯಿರಿ. ಇಲ್ಲದಿದ್ದರೆ ಕೇಸಿನ ಮೇಲೆ ಎರಕದಲ್ಲೇ ಬಂದ ಅಂಕಿಗಳನ್ನು ಬರೆದುಕೊಳ್ಳಿ. ಝಡ್‌ಎಫ್ ಬಾಕ್ಸುಗಳ ಪ್ಲೇಟಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ರೇಶಿಯೊ (ಹೊರಹೋಗುವ ಶಾಫ್ಟ್ ಒಂದು ಸುತ್ತಲು ಒಳಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಎಲ್ಲವೂ ಇರುತ್ತದೆ. 9ಎಸ್1110 ಅಂತಿದ್ದರೆ ಮುಂದಕ್ಕೆ ಓಡಿಸುವ ಗೇರು 9, ಎಸ್ ಎಂದರೆ ಸಿಂಕ್ರೊಮೆಶ್ (ಗೇರು ಸಲೀಸಾಗಿ ಬೀಳುವ ವ್ಯವಸ್ಥೆ), ಕೊನೆಯ 1110 ಬಾಕ್ಸ್ ತಡೆಯುವ ಟಾರ್ಕಿನ (ತಿರುಗಿಸುವ ಬಲ) ಅಂದಾಜು. ಆಮೇಲೆ ಆ ಕಂಪನಿಯ ಡೀಲರಿನ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ ಚಾಸಿ ನಂಬರ್ ಕೊಟ್ಟು, ಈ ಗಾಡಿಗೆ ಫ್ಯಾಕ್ಟರಿಯಿಂದ ಬಂದ ಗೇರ್‌ಬಾಕ್ಸ್ ಯಾವುದು, ಹೌಸಿಂಗಿನ ರೇಶಿಯೊ ಎಷ್ಟು ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪ್ಲೇಟಿನ ಜಾಗದಲ್ಲಿ ಎರಡು ರಿವೆಟ್ ತೂತು ಮಾತ್ರ ಉಳಿದಿದ್ದರೆ ಮುಂದಿನದನ್ನೆಲ್ಲ ಇನ್ನೂ ಗಮನವಿಟ್ಟು ನೋಡಿ.

ತೂತು, ವೆಲ್ಡಿಂಗ್, ವೈರು

ಬೇರೆ ಮಾಡೆಲ್ಲಿನ ಬಾಕ್ಸ್ ಬಂದರೆ ಸಾಮಾನ್ಯವಾಗಿ ಉದ್ದ ಬದಲಾಗುತ್ತದೆ. ಉದ್ದ ಬದಲಾದರೆ ಅದರ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್ (ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದ ಕೊಳವೆ), ಗೇರ್ ರಾಡಿನ ಲಿಂಕು ಎಲ್ಲವೂ ಹಿಂದೆಮುಂದೆ ಸರಿಯಬೇಕು. ಸರಿಸಿದ ಗುರುತನ್ನು ಪೂರ್ತಿ ಅಳಿಸುವುದು ಬಹಳ ಕಷ್ಟ.

ಚಾಸಿಯ ಅಡ್ಡಪಟ್ಟಿಗಳು ಫ್ಯಾಕ್ಟರಿಯಲ್ಲಿ ಹೆಚ್ಚಾಗಿ ರಿವೆಟ್ ಹೊಡೆದು ಬರುತ್ತವೆ. ಗೇರ್‌ಬಾಕ್ಸ್ ಹತ್ತಿರದ ಪಟ್ಟಿಯಲ್ಲಿ ಮಾತ್ರ ರಿವೆಟ್ ಬದಲು ಬೋಲ್ಟು ಇದ್ದರೆ, ವೆಲ್ಡಿಂಗ್ ಇದ್ದರೆ, ಅದನ್ನು ಯಾರೋ ಸರಿಸಿರಬಹುದು. ಅಲ್ಲೇ ಆಸುಪಾಸಿನಲ್ಲಿ ಖಾಲಿ ತೂತು ಹುಡುಕಿ, ಟಾರ್ಚ್ ಹತ್ತಿರ ಹಿಡಿಯಿರಿ. ತೂತಿನ ಸುತ್ತ ವಾಷರಿನಷ್ಟು ಅಗಲದ ಗುಂಡನೆಯ ಅಚ್ಚು ಇದ್ದು, ಒಳಗೆ ಬಣ್ಣ ಹೊಳಪಾಗಿದ್ದು ಹೊರಗೆ ಮಣ್ಣು-ಎಣ್ಣೆ ಗಟ್ಟಿಯಾಗಿ ಕೂತಿದ್ದರೆ, ವರ್ಷಗಟ್ಟಲೆ ಅಲ್ಲಿ ಒಂದು ಬೋಲ್ಟು ಇತ್ತು, ಈಗ ಜಾಗ ಬಿಟ್ಟಿದೆ ಎಂದೇ ಅರ್ಥ. ಹೊಸ ತೂತಿನ ಅಂಚು ನೋಡಿ: ಡ್ರಿಲ್ ಹೊಡೆದದ್ದು ನುಣ್ಣಗಿರುತ್ತದೆ, ಗ್ಯಾಸ್ ಕಟ್ಟರಿನಲ್ಲಿ ಕೊರೆದದ್ದು ಹಲ್ಲುಹಲ್ಲಾಗಿರುತ್ತದೆ. ಚಾಸಿಯಲ್ಲಿ ಗ್ಯಾಸಿನಿಂದ ತೂತು ಮಾಡಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅಂಥ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಪ್ರೊಪೆಲ್ಲರ್ ಶಾಫ್ಟಿನ ಕೊಳವೆಗೂ ಯೋಕಿಗೂ (ತುದಿಯ ಕವಲು) ನಡುವಿನ ವೆಲ್ಡಿಂಗ್ ಫ್ಯಾಕ್ಟರಿಯದಾದರೆ ಸುತ್ತಲೂ ಒಂದೇ ಅಗಲ, ಒಂದೇ ಎತ್ತರ. ಕತ್ತರಿಸಿ ಕೈಯಲ್ಲಿ ಕೂಡಿಸಿದ್ದರೆ ಅಲೆಅಲೆಯಾಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಬ್ಯಾಲೆನ್ಸ್ ಮಾಡಲು ಅಂಟಿಸುವ ಚಿಕ್ಕ ತಗಡಿನ ತುಂಡು ಕಾಣದಿದ್ದರೆ ಅನುಮಾನ ಬಲವಾಗುತ್ತದೆ. ಒಂದು ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿರಬೇಕು, ಸ್ಲಿಪ್ ಜಾಯಿಂಟಿನ ಬಾಣದ ಗುರುತು ಎದುರುಬದುರು ಕೂಡಬೇಕು. ತಪ್ಪಿದರೆ ಗಾಡಿ ನಡುಗುತ್ತದೆ, ಕ್ರಾಸು (ಯೋಕುಗಳನ್ನು ಕೂಡಿಸುವ ಅಡ್ಡತುಂಡು) ಬೇಗ ಹೋಗುತ್ತದೆ, ಸೆಂಟರ್ ಬೇರಿಂಗ್ ರಬ್ಬರು ಹರಿಯುತ್ತದೆ, ಬಾಕ್ಸಿನ ಹಿಂದಿನ ಆಯಿಲ್ ಸೀಲ್ ಪದೇ ಪದೇ ಸೋರುತ್ತದೆ. ಮೂರು ತಿಂಗಳಿಗೊಮ್ಮೆ ಸೀಲ್ ಹಾಕಿಸಿದ್ದೇವೆ ಎಂದು ಮಾರುವವರೇ ಹೇಳಿದರೆ ಶಾಫ್ಟಿನ ಕೋನ ನೋಡಿ.

ಬೆಲ್ ಹೌಸಿಂಗಿಗೂ (ಕ್ಲಚ್ ಮುಚ್ಚುವ ಕವಚ) ಇಂಜಿನ್ನಿಗೂ ನಡುವೆ ಹೆಚ್ಚುವರಿ ಅಡಾಪ್ಟರ್ ಪ್ಲೇಟ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಈ ಪ್ಲೇಟಿನ ಕೇಂದ್ರ ಒಂದು ಕೂದಲೆಳೆ ತಪ್ಪಿದರೂ ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಸವೆಯುತ್ತದೆ, ಮೊದಲ ಗೇರಿನಲ್ಲಿ ಗಾಡಿ ಅದುರುತ್ತಾ ಎದ್ದು ಹೊರಡುತ್ತದೆ, ಫ್ಲೈವೀಲಿನೊಳಗಿನ ಚಿಕ್ಕ ಬೇರಿಂಗ್ ಕ್ಲಚ್ ಒತ್ತಿದಾಗ ಕಿರುಗುಟ್ಟುತ್ತದೆ. ಫ್ಯಾಕ್ಟರಿಯ ಬೋಲ್ಟಿನ ತಲೆಯ ಮೇಲೆ ಇರಬೇಕಾದ ಬಿಳಿ ಅಥವಾ ಹಳದಿ ಬಣ್ಣದ ಗೀರು ಇಲ್ಲದಿರುವುದು, ಜೋಡಣೆಯಿಂದ ಸಿಲಿಕೋನ್ ಹೊರಗೆ ಉಕ್ಕಿರುವುದು ಬರೀ ಬಿಚ್ಚಿದ್ದರ ಗುರುತು. ಕ್ಲಚ್ ಬದಲಿಸಲೂ ಬಿಚ್ಚುತ್ತಾರೆ, ಇಷ್ಟಕ್ಕೇ ಬಾಕ್ಸ್ ಬದಲಾಗಿದೆ ಎನ್ನಬಾರದು.

ಗೇರ್‌ಬಾಕ್ಸಿನ ಪಕ್ಕದಲ್ಲಿ ಪಿಟಿಒ (ಇಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಭಾಗ) ಕೂರುವ ಕಿಟಕಿ ಇರುತ್ತದೆ. ಟಿಪ್ಪರಿನ ಹೈಡ್ರಾಲಿಕ್ ಪಂಪಿಗೆ ಶಕ್ತಿ ಹೋಗುವುದು ಅಲ್ಲಿಂದ. ಕಾರ್ಗೋ ಲಾರಿ ಎಂದು ಮಾರುತ್ತಿರುವ ಗಾಡಿಯ ಆ ಕಿಟಕಿಯಲ್ಲಿ ಹೊಸ ಮುಚ್ಚಳ, ಹೊಸ ಬೋಲ್ಟು ಇದ್ದರೆ ಬಾಕ್ಸ್ ಎಲ್ಲಿಂದ ಬಂತೆಂದು ಕೇಳಬೇಕು. ಹಾಗೆಯೇ ರಿವರ್ಸ್ ಲೈಟಿನ ಸ್ವಿಚ್ಚಿಗೂ ಸ್ಪೀಡೋಮೀಟರ್ ಸೆನ್ಸರಿಗೂ ಹೋಗುವ ವೈರು ನೋಡಿ: ತಿರುಚಿ ಟೇಪು ಸುತ್ತಿ ಉದ್ದ ಮಾಡಿದ್ದರೆ ಅವು ಮೊದಲು ಬೇರೆ ಜಾಗಕ್ಕೆ ಹೋಗುತ್ತಿದ್ದಿರಬಹುದು. ರೇಂಜ್ ಬದಲಿಸುವ 9 ಗೇರಿನ ಬಾಕ್ಸಿಗೆ ಗಾಳಿ ಬೇಕು. ಬಾಯಿಗೆ ಬೆಣೆ ಹೊಡೆದ ಗಾಳಿಯ ಪೈಪು ನೇತಾಡುತ್ತಿದ್ದರೆ ಆ ಬಾಕ್ಸ್ ಹೋಗಿ ಬೇರೆಯದು ಬಂದಿರಬಹುದು. ಕ್ಯಾಬಿನ್ನಿನೊಳಗೆ ಗೇರ್ ರಾಡಿನ ಗುಂಡಿಯ ಮೇಲಿನ ಚಿತ್ರದಲ್ಲಿ 5 ಗೇರು ಇದ್ದು ಕೈಗೆ 6 ಸಿಕ್ಕರೆ ಹೇಳಬೇಕಾದ್ದೇ ಇಲ್ಲ.

ಲೆಕ್ಕ ಹಾಕಿ

ಹೊರಗೆ ಎಲ್ಲವೂ ಚೊಕ್ಕವಾಗಿದ್ದು ಒಳಗಿನ ಹಲ್ಲು ಮಾತ್ರ ಬದಲಾಗಿದ್ದರೆ ಕಣ್ಣಿಗೆ ಸಿಗದು. ಅಲ್ಲಿ ಅಂಕಿಯೇ ಗತಿ.

ಟಯರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗೀರು ಹಾಕಿ, ಗಾಡಿಯನ್ನು ಒಂದೇ ಸುತ್ತು ಮುಂದೆ ಬಿಟ್ಟು ಟೇಪಿನಲ್ಲಿ ಅಳೆಯಿರಿ. 10.00-20 ಟಯರಿಗೆ ಸುಮಾರು 3.2 ಮೀಟರ್ ಬರುತ್ತದೆ. ಹೌಸಿಂಗ್ ರೇಶಿಯೊ 6.83 (ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6), ಟಾಪ್ ಗೇರು 1.00 ಎಂದು ಇಟ್ಟುಕೊಳ್ಳಿ. ಇಂಜಿನ್ 1500 ಆರ್‌ಪಿಎಂ ಇದ್ದಾಗ ಚಕ್ರ ನಿಮಿಷಕ್ಕೆ 1500 ಭಾಗಿಸು 6.83, ಅಂದರೆ 220 ಸುತ್ತು. 3.2ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 703 ಮೀಟರ್, ಗಂಟೆಗೆ 42 ಕಿಲೋಮೀಟರ್. ಈಗ ರಾಷ್ಟ್ರೀಯ ಹೆದ್ದಾರಿ 48, 75 ಅಥವಾ 44ರ ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ಓಡಿಸಿ, ಟಾಪ್ ಗೇರಿನಲ್ಲಿ 1500ಕ್ಕೆ ಹಿಡಿದು, ಪಕ್ಕದಲ್ಲಿ ಕೂತವರು ಫೋನಿನ ಜಿಪಿಎಸ್ ವೇಗ ಓದಲಿ. 42ರ ಆಸುಪಾಸು ಬಂದರೆ ಸರಿ. ಎರಡು ಕಿಲೋಮೀಟರ್ ಆಚೀಚೆ ಟಯರ್ ಸವೆತಕ್ಕೆ ಬಿಡಿ. 53 ಬಂದರೆ ಎಲ್ಲೋ 0.8ರ ಓವರ್‌ಡ್ರೈವ್ (ಇಂಜಿನ್ನಿಗಿಂತ ಶಾಫ್ಟ್ ಜೋರಾಗಿ ಸುತ್ತುವ ಗೇರು) ಸೇರಿದೆ. 49 ಬಂದರೆ ಹೌಸಿಂಗಿಗೆ 41/7 ಕ್ರೌನ್-ಪಿನಿಯನ್ ಬಿದ್ದಿರಬಹುದು.

ಇದೇ ಓಟದಲ್ಲಿ ಮೀಟರನ್ನೂ ಜಿಪಿಎಸ್ಸನ್ನೂ ಹೋಲಿಸಿ. ಸೆನ್ಸರ್ ಇರುವುದು ಬಾಕ್ಸಿನ ಹಿಂಬದಿಯಲ್ಲಿ. ಹೌಸಿಂಗ್ ಬದಲಾಗಿ ಮೀಟರನ್ನು ಹೊಂದಿಸದೆ ಬಿಟ್ಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ, ಸ್ಪೀಡ್ ಗವರ್ನರ್ ಕೂಡ ತಪ್ಪು ವೇಗದಲ್ಲಿ ಕಟ್ ಮಾಡುತ್ತದೆ.

ಗೇರ್‌ಬಾಕ್ಸೋ ಹೌಸಿಂಗೋ ಎಂದು ಬೇರ್ಪಡಿಸಲು ಕೈಯಲ್ಲೇ ಎಣಿಸಬೇಕು. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಫ್ಲ್ಯಾಂಜ್ ಬಿಚ್ಚಿಸಿ ಶಾಫ್ಟನ್ನು ಪಕ್ಕಕ್ಕೆ ಕಟ್ಟಿ. ಕೀ ತೆಗೆದು, ಹಳೇ ಇಂಜಿನ್ನಾದರೆ ಸ್ಟಾಪ್ ಕೇಬಲ್ ಎಳೆದಿಟ್ಟು, ಟಾಪ್ ಗೇರ್ ಹಾಕಿ ಇಂಜಿನ್ನನ್ನು ಸನ್ನೆಕೋಲಿನಿಂದ ತಿರುಗಿಸಿ. ಕ್ರ್ಯಾಂಕ್ ಪುಲ್ಲಿ 8 ಸುತ್ತಿಗೆ ಫ್ಲ್ಯಾಂಜ್ 8 ಸುತ್ತಾದರೆ ಡೈರೆಕ್ಟ್, 10 ಆದರೆ 0.8 ಓವರ್‌ಡ್ರೈವ್. ಮೊದಲ ಗೇರನ್ನೂ ಹೀಗೇ ಎಣಿಸಿ ಡೀಲರ್ ಕೊಟ್ಟ ಅಂಕಿಯ ಪಕ್ಕ ಇಡಿ. ಹೌಸಿಂಗಿನ ರೇಶಿಯೊ ಎಣಿಸಲು ಶಾಫ್ಟನ್ನು ಮತ್ತೆ ಜೋಡಿಸಿ, ಗೇರ್ ನ್ಯೂಟ್ರಲ್ಲಿಗೆ ತಂದು, ಒಂದು ಬದಿಯ ಹಿಂದಿನ ಚಕ್ರ ಮಾತ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಕ್ಕೂ ನೆಲದ ಮೇಲಿರುವ ಹಿಂದಿನ ಚಕ್ರಕ್ಕೂ ಅಡಚು ಹಾಕಿ, ಪಾರ್ಕಿಂಗ್ ಬ್ರೇಕ್ ಬಿಡಿ. ಎತ್ತಿದ ಚಕ್ರವನ್ನು ಸರಿಯಾಗಿ 2 ಸುತ್ತು ತಿರುಗಿಸಿದಾಗ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ರೇಶಿಯೊ. ಇನ್ನೊಂದು ಚಕ್ರ ನಿಂತಿರುವುದರಿಂದ ಡಿಫರೆನ್ಷಿಯಲ್ ಅರ್ಧ ತಿನ್ನುತ್ತದೆ, ಅದಕ್ಕೇ 2 ಸುತ್ತು. ಇದು ಒಂದೇ ಡ್ರೈವ್ ಆಕ್ಸಲ್ಲಿನ ಗಾಡಿಗೆ. ಹಬ್ ರಿಡಕ್ಷನ್ (ಚಕ್ರದ ಹಬ್ಬಿನಲ್ಲೂ ವೇಗ ತಗ್ಗಿಸುವ ಗೇರು) ಇದ್ದರೂ ಲೆಕ್ಕ ನಿಲ್ಲುತ್ತದೆ, ಆದರೆ ಆಗ ಬರುವುದು ಒಟ್ಟು ರೇಶಿಯೊ.

ಕೊನೆಗೆ ಡ್ರೈನ್ ಪ್ಲಗ್ ಸಡಿಲಿಸಿ ಒಂದು ಲೋಟದಷ್ಟು ಆಯಿಲ್ ತೆಗೆಸಿ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಗಸಿ ಇದ್ದರೆ ಸಹಜ. ಚೂರು ಕಂಡರೆ ಹಲ್ಲು ಹೋಗಿದೆ. ಆಯಿಲಿನಲ್ಲಿ ಹಿತ್ತಾಳೆಯ ಮಿಂಚು ಇದ್ದರೆ ಸಿಂಕ್ರೊ ರಿಂಗ್ ಸವೆದಿದೆ. ಬೇರೆ ಬಾಕ್ಸ್ ಹಾಕಿ ಹಳೇ ಲೆಕ್ಕದ ಆಯಿಲನ್ನೇ ತುಂಬಿದಾಗ, ಜಿಎಲ್-4 ದರ್ಜೆಯ ಗೇರ್ ಆಯಿಲ್ ಬೇಕಾದಲ್ಲಿ ಹೌಸಿಂಗಿನ ಜಿಎಲ್-5 ಸುರಿದಾಗ ಹೀಗಾಗುತ್ತದೆ.

ಬದಲಾದ ಬಾಕ್ಸೆಲ್ಲ ಕೆಟ್ಟದ್ದಲ್ಲ. ಅದೇ ಕಂಪನಿಯ, ಇಂಜಿನ್ನಿನ ಟಾರ್ಕ್ ತಡೆಯುವ ಬಾಕ್ಸನ್ನು ಕಂಪನಿಯ ಮೌಂಟಿಂಗಿನಲ್ಲೇ, ಸರಿಯಾದ ಉದ್ದದ ಶಾಫ್ಟಿನೊಂದಿಗೆ ಕೂರಿಸಿದ್ದರೆ ಗಾಡಿ ಚೆನ್ನಾಗಿಯೇ ದುಡಿಯುತ್ತದೆ. ನಿಮ್ಮ ಲೋಡಿಗೆ ಆ ರೇಶಿಯೊ ಹೊಂದುತ್ತದೆಯೇ ಎಂದು ಮಾತ್ರ ನೋಡಿ: ಓಟಕ್ಕೆ ಮಾಡಿದ ಗಾಡಿ ಕ್ವಾರಿಯ ಏರಿನಲ್ಲಿ ತುಂಬಿದ ಜಲ್ಲಿಯೊಂದಿಗೆ ಕ್ಲಚ್ ಸುಡುತ್ತದೆ. ಬಿಎಸ್6 ಗಾಡಿಯಲ್ಲಿ ಮಾತ್ರ ಸ್ಕ್ಯಾನರ್ ಹಾಕಿಸದೆ ಒಪ್ಪಬೇಡಿ, ನ್ಯೂಟ್ರಲ್ ಸ್ವಿಚ್, ಸ್ಪೀಡ್ ಸೆನ್ಸರ್ ಎಲ್ಲವೂ ಇಸಿಯುಗೆ (ಇಂಜಿನ್ನಿನ ಕಂಪ್ಯೂಟರ್) ಸೇರಿರುತ್ತವೆ. ಮಾತು ಕುದುರಿದರೆ ಕರಾರು ಪತ್ರದಲ್ಲಿ ಚಾಸಿ, ಇಂಜಿನ್ ನಂಬರಿನ ಜೊತೆಗೆ ಗೇರ್‌ಬಾಕ್ಸಿನ ಮಾಡೆಲ್ಲು, ಸೀರಿಯಲ್ ನಂಬರು, ಎಣಿಸಿ ಸಿಕ್ಕ ಎರಡು ರೇಶಿಯೊಗಳನ್ನೂ ಬರೆಸಿ, ಇಬ್ಬರ ಸಹಿ ಹಾಕಿಸಿ. ನಾಳೆ ಸ್ಪೇರ್ ತರಲು ಹೋದಾಗ ನಿಮಗೆ ಬೇಕಾಗುವುದೂ ಅದೇ ಅಂಕಿಗಳು.