ಮಾಂಟೆರ್ರೆಯಲ್ಲಿ ಶೆಡ್ ಹಿಡಿಯುವ ಮುಂಚೆ

ವಾಹನದ ಬಿಡಿಭಾಗ ಮಾಡುವ ನಮ್ಮ ಸಣ್ಣ ಕಾರ್ಖಾನೆಯವರಲ್ಲಿ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ಕಸ್ಟಮರ್ ಮೆಕ್ಸಿಕೋಗೆ ಬಾ ಅಂತಿದ್ದಾನೆ, ಹೋಗ್ಲಾ?" ಒಬ್ಬರು ಬೊಮ್ಮಸಂದ್ರದವರು, ಇನ್ನೊಬ್ಬರು ಬೆಳಗಾವಿ ಉದ್ಯಮಬಾಗ್‌ನವರು. ಪ್ರತಿ ಸಲ ಒಂದು ಗಂಟೆ ಅದೇ ಮಾತು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನದು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಿಎನ್‌ಸಿ ಟರ್ನಿಂಗ್ ಶಾಪ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ಗಳಲ್ಲಿ ಲೋಹದ ಭಾಗ ಕಡೆಯುವ ಜಾಗ. 2022ರಲ್ಲಿ ಮೆಕ್ಸಿಕೋದ ನುಯೆವೊ ಲಿಯೋನ್ ರಾಜ್ಯದಲ್ಲಿ, ಮಾಂಟೆರ್ರೆ ನಗರದ ಪಕ್ಕದ ಅಪೊಡಾಕಾದಲ್ಲಿ ನಾಲ್ಕು ಮಷಿನ್ ಹಾಕಿದೆ. ಮಾಂಟೆರ್ರೆ ವಿಮಾನ ನಿಲ್ದಾಣ ಇರುವುದು ಇಲ್ಲೇ. ಸುತ್ತ ಎಲ್ಲಿ ನೋಡಿದರೂ ಇಂಡಸ್ಟ್ರಿಯಲ್ ಪಾರ್ಕ್.

ಕೂಲಿ ಅಗ್ಗ ಅಂತ ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ಕೂಲಿ ಅಗ್ಗ ಬೇಕಿದ್ದರೆ ನಮ್ಮ ತುಮಕೂರೇ ಸಾಕು. ಇಲ್ಲಿಗೆ ಬರಲು ಕಾರಣ ಒಂದೇ: ನೀವು ಮಾಡುವ ಮಾಲಿಗೆ ಉತ್ತರ ಅಮೆರಿಕ ಹುಟ್ಟೂರು ಆಗಬೇಕು, ಅಂದರೆ ಸುಂಕದ ಲೆಕ್ಕದಲ್ಲಿ ಅದು ಇಲ್ಲಿಯದೇ ಮಾಲು ಅನಿಸಿಕೊಳ್ಳಬೇಕು. ಅದು ಆಗುತ್ತದೋ ಇಲ್ಲವೋ ಅಂತ ಬೆಂಗಳೂರಲ್ಲಿ ಕೂತೇ ಲೆಕ್ಕ ಹಾಕಬಹುದು. ವಿಮಾನ ಹತ್ತುವುದು ಆಮೇಲೆ.

ಮೊದಲು ಹುಟ್ಟೂರಿನ ಲೆಕ್ಕ

ಅಮೆರಿಕ, ಮೆಕ್ಸಿಕೋ, ಕೆನಡಾ ನಡುವೆ 1994ರಿಂದ ನಾಫ್ಟಾ ಅನ್ನುವ ವ್ಯಾಪಾರ ಒಪ್ಪಂದ ಇತ್ತು. 2020ರ ಜುಲೈ 1ರಿಂದ ಅದರ ಜಾಗಕ್ಕೆ ಹೊಸ ಒಪ್ಪಂದ ಬಂತು. ಇಲ್ಲಿ ಎಲ್ಲರೂ ಅದನ್ನು ಟಿ-ಮೆಕ್ ಅನ್ನುತ್ತಾರೆ. ಹಳೇ ಒಪ್ಪಂದದಲ್ಲಿ ಕಾರಿನ ಬೆಲೆಯಲ್ಲಿ 62.5% ಈ ಮೂರು ದೇಶಗಳದ್ದಾದರೆ ಸಾಕಿತ್ತು. ಈಗ 75% ಬೇಕು. ಸ್ಟೀರಿಂಗ್, ಸಸ್ಪೆನ್ಶನ್, ಆಕ್ಸಲ್ ತರಹದ ಮುಖ್ಯ ಭಾಗಗಳಿಗೂ ಅದೇ 75%. ಸಣ್ಣಪುಟ್ಟ ಭಾಗಗಳಿಗೆ 70, 65 ಅಂತ ಬೇರೆ ಪಟ್ಟಿಗಳಿವೆ. ಕಸ್ಟಮರ್ "ಬಾ" ಅನ್ನುವುದು ಈ ಲೆಕ್ಕ ತುಂಬಿಸಿಕೊಳ್ಳಲು. ನಿಮ್ಮ ಮೇಲಿನ ಪ್ರೀತಿಗಲ್ಲ.

ನಮ್ಮವರು ಎಡವುವುದು ಇಲ್ಲೇ. "ಬೆಳಗಾವಿಯಿಂದ ಕ್ಯಾಸ್ಟಿಂಗ್ ತರಿಸ್ತೀನಿ, ಅಲ್ಲಿ ಮಷಿನಿಂಗ್ ಮಾಡ್ತೀನಿ, ಮೇಡ್ ಇನ್ ಮೆಕ್ಸಿಕೋ ಅಂತ ಕಳಿಸ್ತೀನಿ." ಆಗಲ್ಲ. ಚಕ್ರದ ಹಬ್‌ನ ಆಕಾರಕ್ಕೆ ಎರಕ ಹೊಯ್ದು ಬಂದ ಕ್ಯಾಸ್ಟಿಂಗ್‌ಗೆ ಮಷಿನಿಂಗ್ ಆಗುವ ಮುಂಚೆಯೇ ಕಸ್ಟಮ್ಸ್‌ನಲ್ಲಿ 8708, ಅಂದರೆ ವಾಹನದ ಭಾಗ, ಅನ್ನುವ ನಂಬರ್ ಬೀಳುತ್ತದೆ. ಮಷಿನಿಂಗ್ ಆದಮೇಲೂ ಅದೇ 8708. ನಂಬರ್ ಬದಲಾಗಲಿಲ್ಲ ಅಂದರೆ ಹುಟ್ಟೂರೂ ಬದಲಾಗಲಿಲ್ಲ. ಆಮೇಲೆ ಬೆಲೆಯ ಲೆಕ್ಕದಲ್ಲಿ ಗೆಲ್ಲಬೇಕು. ಮಾಲಿನ ಬೆಲೆಯಲ್ಲಿ ಮುಕ್ಕಾಲು ಪಾಲು ಬೆಳಗಾವಿ ಕ್ಯಾಸ್ಟಿಂಗ್‌ದೇ ಆದರೆ ಗೆಲ್ಲುವುದು ಎಲ್ಲಿಂದ?

ನಾನೂ ಇದೇ ತಪ್ಪು ಲೆಕ್ಕ ಹಿಡಿದುಕೊಂಡು ಬಂದವನು. ಕೊನೆಗೆ ಕ್ಯಾಸ್ಟಿಂಗ್ ಇಲ್ಲೇ ಹುಡುಕಿದೆ. ಪಕ್ಕದ ಕೊವಾವಿಲಾ ರಾಜ್ಯದ ಸಾಲ್ಟಿಯೊದಲ್ಲಿ ಕಬ್ಬಿಣದ ಫೌಂಡ್ರಿಗಳಿವೆ, ಗಾರ್ಸಿಯಾದಲ್ಲಿ ಅಲ್ಯೂಮಿನಿಯಂ ಇದೆ. ಬೆಳಗಾವಿಗಿಂತ ದುಬಾರಿ. ಆದರೂ ಗಿಟ್ಟುತ್ತದೆ.

ಇನ್ನೊಂದು ವಿಷಯ. ಭಾರತಕ್ಕೂ ಮೆಕ್ಸಿಕೋಗೂ ಮುಕ್ತ ವ್ಯಾಪಾರ ಒಪ್ಪಂದ ಇಲ್ಲ. ಅಂಥ ದೇಶಗಳ ನೂರಾರು ಬಗೆಯ ಮಾಲಿಗೆ ಮೆಕ್ಸಿಕೋ 2026ರ ಜನವರಿ 1ರಿಂದ ಸುಂಕ ಏರಿಸಿದೆ. ಕೆಲವಕ್ಕೆ 50%ವರೆಗೂ ಇದೆ. "ಇಮೆಕ್ಸ್ ಪರವಾನಗಿ ತಗೊಂಡ್ರೆ ಸುಂಕ ಇಲ್ಲ" ಅಂತ ಏಜೆಂಟ್ ಹೇಳುತ್ತಾನೆ. ಅರ್ಧ ನಿಜ. ಇಮೆಕ್ಸ್ ಅಂದರೆ ರಫ್ತಿಗಾಗಿ ಕಚ್ಚಾ ಮಾಲನ್ನು ತಾತ್ಕಾಲಿಕವಾಗಿ ತರಿಸಿಕೊಳ್ಳುವ ವ್ಯವಸ್ಥೆ. ಹೆಚ್ಚಿನ ಕಚ್ಚಾ ಮಾಲಿಗೆ 18 ತಿಂಗಳ ಗಡುವು. ಆದರೆ ತಯಾರಾದ ಮಾಲು ಅಮೆರಿಕಕ್ಕೆ ಹೋದರೆ, ಹೊರಗಿಂದ ತಂದ ಕಚ್ಚಾ ಮಾಲಿನ ಸುಂಕ ವಾಪಸ್ ನಿಮ್ಮ ತಲೆಗೇ ಬರಬಹುದು. ಉಳಿದರ್ಧವನ್ನು ಏಜೆಂಟ್ ಹೇಳಲ್ಲ. ನೀವೇ ಕೇಳಿ.

2025ರ ಮಾರ್ಚ್‌ನಲ್ಲಿ ಅಮೆರಿಕ ಮೆಕ್ಸಿಕೋ ಮಾಲಿಗೆ 25% ಹಾಕಿತಲ್ಲ, ಕೆಲವೇ ದಿನಗಳಲ್ಲಿ ಟಿ-ಮೆಕ್ ನಿಯಮಕ್ಕೆ ಒಪ್ಪುವ ಮಾಲನ್ನು ಅದರಿಂದ ಬಿಟ್ಟಿತು. ಹುಟ್ಟೂರಿನ ಕಾಗದ ಸರಿಯಿದ್ದವರು ಆ ವಾರ ನಿದ್ದೆ ಮಾಡಿದರು. ದರ ನಾಳೆ ಬದಲಾಗಬಹುದು. ಕಾಗದ ಮಾತ್ರ ಇವತ್ತೇ ಸರಿ ಇರಲಿ.

ಕಂಪನಿ ಮಾಡಬೇಕಾ, ಶೆಲ್ಟರ್ ಸಾಕಾ?

ಮೂವತ್ತು ಜನಕ್ಕಿಂತ ಕಡಿಮೆ ಇದ್ದರೆ ಶೆಲ್ಟರ್ ಕಂಪನಿಯ, ಅಂದರೆ ತನ್ನ ಹೆಸರಲ್ಲಿ ನಿಮ್ಮ ಕಾಗದಪತ್ರ ನೋಡಿಕೊಳ್ಳುವ ಇಲ್ಲಿನ ಕಂಪನಿಯ, ಅಡಿಯಲ್ಲಿ ಶುರು ಮಾಡಿ. ಇದು ನನ್ನ ಅಭಿಪ್ರಾಯ, ವಕೀಲರು ಬೇರೆ ಹೇಳಬಹುದು. ಇಮೆಕ್ಸ್ ಅವರದು, ಕೆಲಸಗಾರರ ಸಂಬಳದ ಪಟ್ಟಿ ಅವರದು, ಕಸ್ಟಮ್ಸ್ ಅವರದು. ಮಷಿನ್ ಮತ್ತು ಕೆಲಸ ನಿಮ್ಮದು. ಫೀಸು ಜಾಸ್ತಿ ಅನಿಸುತ್ತದೆ. ಕಟ್ಟಿ.

ನಾನು ಜಂಬಕ್ಕೆ ಸ್ವಂತ ಕಂಪನಿ ಮಾಡಲು ಹೊರಟೆ. ನಾನು ಆರಿಸಿದ ಬಗೆಯ ಕಂಪನಿಗೆ ಇಬ್ಬರು ಪಾಲುದಾರರು ಬೇಕೇ ಬೇಕು. ನಾನು, ನನ್ನ ತಮ್ಮ. ಭಾರತದ ಕಾಗದಗಳಿಗೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯುವಂಥ ಸರಕಾರಿ ದೃಢೀಕರಣ, ಆಗಬೇಕು. ಆಮೇಲೆ ಇಲ್ಲಿ ಮಾನ್ಯತೆ ಇರುವ ಅನುವಾದಕರಿಂದ ಸ್ಪ್ಯಾನಿಷ್ ಆಗಬೇಕು. ಆಮೇಲೆ ನೊಟಾರಿಯೊ. ಇವರು ನಮ್ಮ ಕೋರ್ಟ್ ಮುಂದೆ ಮೇಜು ಹಾಕಿಕೊಂಡು ಸೀಲ್ ಒತ್ತುವ ನೋಟರಿ ಅಲ್ಲ. ಸರಕಾರ ನೇಮಿಸಿದ ಹಿರಿಯ ವಕೀಲರು. ಅಪಾಯಿಂಟ್‌ಮೆಂಟ್ ಇಲ್ಲದೆ ಬಾಗಿಲೂ ತೆರೆಯಲ್ಲ.

ಅಲ್ಲಿ ಒಂದು ತಮಾಷೆ ನಡೆಯಿತು. ನನ್ನ ಹಳೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಬಹಳ ಜನಕ್ಕೆ ಹಾಗೇ ಅಲ್ವಾ, ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಇಲ್ಲಿ ಪ್ರತಿ ಮನುಷ್ಯನಿಗೂ ಎರಡು ಸರ್‌ನೇಮ್. ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುಗಿಸಿ ಮುರುಗಿಸಿ ನೋಡಿ, "ಅಪೆಯಿದೊ?" ಅಂದಳು. ಇಲ್ಲ ಅಂದೆ. "ನಿಮ್ಮ ಅಪ್ಪನಿಗೆ?" ಅವರಿಗೂ ಇಲ್ಲ. ಅವಳ ಮುಖದಲ್ಲಿ ಅಯ್ಯೋ ಪಾಪ ಅನ್ನುವ ಭಾವ. ಈ ಒಂದು ಖಾಲಿ ಜಾಗಕ್ಕೆ ನನಗೆ ಏಳು ವಾರ ಹೋಯಿತು. ನೀವು ಹೊರಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಹಾಕಿಸಿ. ಡಿಗ್ರಿ, ಪ್ಯಾನ್, ಪವರ್ ಆಫ್ ಅಟಾರ್ನಿ ಎಲ್ಲದರಲ್ಲೂ ಅದೇ ಹೆಸರು, ಅದೇ ಸ್ಪೆಲಿಂಗ್ ಇರಲಿ.

ಶೆಡ್ ನೋಡಲು ಹೋದಾಗ

ಬ್ರೋಕರ್ ಕಾರಲ್ಲಿ ಕೂರಿಸಿಕೊಂಡು ಹೊಳೆಯುವ ನೆಲ, ಎತ್ತರದ ಸೂರು, ಟ್ರಕ್ ಡಾಕ್ ತೋರಿಸುತ್ತಾನೆ. ನೋಡಿ ಖುಷಿಪಡಿ. ಆಮೇಲೆ ಎರಡೇ ಪ್ರಶ್ನೆ ಕೇಳಿ. ಕರೆಂಟ್ ಎಷ್ಟು ಇದೆ? ನೀರು ಎಲ್ಲಿಂದ? ಎರಡಕ್ಕೂ ಬಾಯಿಮಾತು ಬೇಡ, ಕಾಗದ ಕೇಳಿ. ಕರೆಂಟ್ ಕೊಡುವುದು ಸಿಎಫ್‌ಇ ಅನ್ನುವ ಸರಕಾರಿ ಕಂಪನಿ. "ಟ್ರಾನ್ಸ್‌ಫಾರ್ಮರ್ ಅಹೊರಿತಾ ಬರುತ್ತೆ" ಅಂದ ನನ್ನ ಬ್ರೋಕರ್. ಅಹೊರಿತಾ ಅಂದರೆ ಡಿಕ್ಷನರಿಯಲ್ಲಿ "ಈಗಲೇ". ನಮ್ಮ ಎಲೆಕ್ಟ್ರಿಷಿಯನ್ "ಬಂದೆ ಸಾರ್, ದಾರೀಲಿದೀನಿ" ಅಂತಾನಲ್ಲ, ಆ ಈಗಲೇ. ಐದು ತಿಂಗಳಾಯಿತು.

ನೀರಿನ ಕಥೆ ಇನ್ನೂ ಜೋರು. ನಾನು ಶೆಡ್ ಹಿಡಿದ ವರ್ಷವೇ ಮಾಂಟೆರ್ರೆಗೆ ನೀರು ಕೊಡುವ ಸೆರ್ರೊ ಪ್ರಿಯೆತೊ ಅಣೆಕಟ್ಟು ಒಣಗಿತು. 2022ರ ಜೂನ್‌ನಲ್ಲಿ ನಲ್ಲಿ ಬಿಡುತ್ತಿದ್ದದ್ದು ಬೆಳಿಗ್ಗೆ 4ರಿಂದ 10ರವರೆಗೆ ಮಾತ್ರ. ಎಷ್ಟೋ ಏರಿಯಾಗೆ ಅದೂ ಇಲ್ಲ. ರಸ್ತೆಯಲ್ಲಿ ಟ್ಯಾಂಕರ್ ಸಾಲು. ಟ್ಯಾಂಕರ್‌ಗೆ ಇಲ್ಲಿ "ಪೀಪಾ" ಅನ್ನುತ್ತಾರೆ. ಕೇಳಿದ ತಕ್ಷಣ ಅಜ್ಜಿ ಮನೆಯ ಪೀಪಾಯಿ ನೆನಪಾಯಿತು. ಪೋರ್ಚುಗೀಸರು ನಮ್ಮ ಕಡೆ ಬಿಟ್ಟು ಹೋದ ಪದ ಅದು. ಮೇಜು ಕೂಡ ಅಷ್ಟೇ, ಇಲ್ಲಿ "ಮೆಸಾ". ಬೆಂಗಳೂರಿನವನಿಗೆ ಟ್ಯಾಂಕರ್ ಹೊಸದಲ್ಲ, ನಿಜ. ಆದರೆ ಕಡೆಯುವಾಗ ಬಿಸಿ ಇಳಿಸುವ ಕೂಲಂಟ್ ಕಲಸಲು ನೀರಿಲ್ಲದೆ ಮಷಿನ್ ನಿಂತದ್ದು ನನ್ನ ಜೀವನದಲ್ಲಿ ಮೊದಲ ಸಲ. 2024ರ ಜೂನ್‌ನಲ್ಲಿ ಆಲ್ಬರ್ಟೊ ಚಂಡಮಾರುತ ಬಂದು ಅಣೆಕಟ್ಟು ತುಂಬಿಸಿತು. ಮಳೆ ನಂಬಿ ಶೆಡ್ ಹಿಡಿಯಬೇಡಿ. ನೆಲದಡಿ ಸಂಪ್ ಇದೆಯಾ ನೋಡಿ.

ಭಾರತದಿಂದ ಮಷಿನ್ ತರುವವರಿಗೆ ಒಂದು ಮಾತು. ನಮ್ಮದು 415 ವೋಲ್ಟ್, 50 ಹರ್ಟ್ಸ್. ಇಲ್ಲಿ 60 ಹರ್ಟ್ಸ್, ಶೆಡ್ಡಿಗೆ 440 ಅಥವಾ 220. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿ ಮಾಡಬಹುದು, ಹರ್ಟ್ಸ್ ಬದಲಾಗಲ್ಲ. ಮಾಲನ್ನು ತಿರುಗಿಸುವ ಸ್ಪಿಂಡಲ್ ಓಡುವುದು ವೇಗ ಹೊಂದಿಸುವ ಡ್ರೈವ್ ಮೇಲೆ, ಅದಕ್ಕೆ ತಲೆಬಿಸಿ ಇಲ್ಲ. ಕೂಲಂಟ್ ಪಂಪ್ ಮಾತ್ರ ನೇರ ಲೈನ್ ಮೇಲೆ. 60 ಹರ್ಟ್ಸ್‌ಗೆ ಅದು ಐದನೇ ಒಂದು ಪಾಲು ಜಾಸ್ತಿ ವೇಗದಲ್ಲಿ ತಿರುಗುತ್ತದೆ, ಲೋಡ್ ಒಂದೂವರೆ ಪಟ್ಟು ದಾಟುತ್ತದೆ. ನನ್ನ ಮೊದಲ ಮಷಿನ್ ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಓವರ್‌ಲೋಡ್ ರಿಲೇ ಟಪ್ ಅಂತು. ರಿಸೆಟ್ ಮಾಡಿದೆ. ಮತ್ತೆ ಟಪ್. ಮೂರನೇ ಸಲ ಮೋಟರ್ ಮೇಲೆ ಕೈ ಇಟ್ಟರೆ ದೋಸೆ ಕಾವಲಿ! ಬೆಂಗಳೂರಲ್ಲೇ 60 ಹರ್ಟ್ಸ್ ಪಂಪ್ ಹಾಕಿಸಿ ಕಂಟೇನರ್ ತುಂಬಿಸಿ.

ಮಷಿನ್ ಬಿಟ್ಟು ಉಳಿದದ್ದೆಲ್ಲ ಇಲ್ಲಿ ಸಿಗುತ್ತದೆ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಟೂಲ್ ಗ್ರೈಂಡಿಂಗ್ ಎಲ್ಲ ಅರ್ಧ ಗಂಟೆ ದೂರದಲ್ಲಿ. ಈ ಊರು ಬೆಳೆದದ್ದೇ ಹಾಗೆ. 1890ರಲ್ಲಿ ಬಿಯರ್ ಫ್ಯಾಕ್ಟರಿ ಬಂತು. ಬಾಟಲಿ ಬೇಕು ಅಂತ 1909ರಲ್ಲಿ ಗಾಜಿನ ಫ್ಯಾಕ್ಟರಿ. ಮಹಾಯುದ್ಧದ ಕಾಲದಲ್ಲಿ ಮುಚ್ಚಳಕ್ಕೆ ತಗಡು ಸಿಗಲಿಲ್ಲ, ಉಕ್ಕಿನ ಫ್ಯಾಕ್ಟರಿಯನ್ನೂ ಅವರೇ ಹಾಕಿಕೊಂಡರು. 2016ರಲ್ಲಿ ಪಕ್ಕದ ಪೆಸ್ಕೆರಿಯಾದಲ್ಲಿ ಕಿಯಾ ಕಾರು ಶುರುವಾಯಿತು. ಕೊರಿಯಾದ ಬಿಡಿಭಾಗದವರು ಹಿಂಡುಹಿಂಡಾಗಿ ಬಂದರು. ಜನ ಆ ಊರಿಗೆ "ಪೆಸ್‌ಕೊರಿಯಾ" ಅಂತಲೇ ಹೆಸರಿಟ್ಟಿದ್ದಾರೆ.

ಜನ

"ಪೀಣ್ಯದಿಂದ ಹತ್ತು ಹುಡುಗರನ್ನ ಕರ್ಕೊಂಡು ಬರ್ತೀನಿ" ಅನ್ನಬೇಡಿ. ನೂರು ಕೆಲಸಗಾರರಲ್ಲಿ ತೊಂಬತ್ತು ಮಂದಿ ಮೆಕ್ಸಿಕೋದವರೇ ಇರಬೇಕು ಅಂತ ಕಾನೂನು. ಮಷಿನ್ ಸೆಟ್ ಮಾಡುವ ಒಬ್ಬ ಸೆಟರ್‌ನನ್ನು ತನ್ನಿ, ಆರು ತಿಂಗಳಲ್ಲಿ ಇಲ್ಲಿಯವರಿಗೆ ಕಲಿಸಲಿ.

ಕನಿಷ್ಠ ಕೂಲಿ 2026ಕ್ಕೆ ದಿನಕ್ಕೆ 315.04 ಪೆಸೊ. ಗಡಿಗೆ ಅಂಟಿದ ವಲಯದಲ್ಲಿ 440.87. ನುಯೆವೊ ಲಿಯೋನ್‌ನಲ್ಲಿ ಆ ವಲಯಕ್ಕೆ ಸೇರಿದ್ದು ಅನಾವಾಕ್ ಒಂದೇ. ಆದರೆ ಅಪೊಡಾಕಾದಲ್ಲಿ ಕನಿಷ್ಠ ಕೂಲಿಗೆ ಆಪರೇಟರ್ ಸಿಗುತ್ತಾನೆ ಅಂತ ಕನಸಲ್ಲೂ ಅಂದುಕೊಳ್ಳಬೇಡಿ. ಸಂಬಳ ವಾರಕ್ಕೊಮ್ಮೆ. ಡಿಸೆಂಬರ್ 20ರೊಳಗೆ ಕನಿಷ್ಠ 15 ದಿನದ ಬೋನಸ್. ಲಾಭದಲ್ಲಿ 10% ಕೆಲಸಗಾರರಿಗೆ, ಹೊಸ ಕಂಪನಿಗೆ ಮೊದಲ ವರ್ಷ ವಿನಾಯಿತಿ. ವಾರದಲ್ಲಿ ಮೊದಲ 9 ಗಂಟೆ ಓವರ್‌ಟೈಮ್‌ಗೆ ಡಬಲ್, ಅದರ ಮೇಲೆ ಮೂರು ಪಟ್ಟು. ಇದನ್ನೆಲ್ಲ ಕೊಟೇಶನ್ನಿಗೆ ಈಗಲೇ ಸೇರಿಸಿ.

ಅದಕ್ಕಿಂತ ಮುಖ್ಯ ಬಸ್ಸು. ಬೆಳಿಗ್ಗೆ ಐದೂವರೆಗೆ ಪಾರ್ಕಿನ ಗೇಟಲ್ಲಿ ನಿಂತು ನೋಡಿ. ಹಳೇ ಸ್ಕೂಲ್ ಬಸ್ಸಿಗೆ ಬಿಳಿ ಬಣ್ಣ ಬಳಿದಿರುತ್ತಾರೆ, ಕಿಟಕಿಗೆ ತಲೆ ಕೊಟ್ಟು ಎಲ್ಲರೂ ನಿದ್ದೆ. ಗೇಟಿನ ಬೇಲಿಗೆ ಸಾಲಾಗಿ ಬ್ಯಾನರ್: ಕೆಲಸಕ್ಕೆ ಬೇಕಾಗಿದ್ದಾರೆ, ಬಸ್ ಉಚಿತ, ಊಟ ಉಚಿತ. ನನ್ನ ಹತ್ತಿರ ಎರಡು ತಿಂಗಳು ಚೆನ್ನಾಗಿ ಕೆಲಸ ಮಾಡಿದ ಹುಡುಗನೊಬ್ಬ ಒಂದು ಸೋಮವಾರ ಎದುರು ಶೆಡ್ಡಿನ ಬಸ್ಸಿಂದ ಇಳಿದ. ನನ್ನನ್ನು ನೋಡಿ ಕೈ ಬೀಸಿದ! ಸಂಬಳ ಜಾಸ್ತಿನಾ ಅಂತ ಕೇಳಿದೆ. ಇಲ್ಲವಂತೆ. ಆ ಬಸ್ಸು ಅವನ ಮನೆ ಬೀದಿಗೇ ಬರುತ್ತದಂತೆ. ಮಾರನೇ ವಾರವೇ ನಾನು ರೂಟ್ ಬದಲಾಯಿಸಿದೆ.

ಊಟದ ವಿಷಯ ಎಲ್ಲರೂ ಕೇಳುತ್ತಾರೆ. ಸಸ್ಯಾಹಾರಿಗಳಿಗೆ ಕಷ್ಟ. ಬೀನ್ಸ್ ಪಲ್ಯ ಅಂತ ಹಾಕಿಸಿಕೊಂಡರೆ ಅದರಲ್ಲಿ ಹಂದಿ ಕೊಬ್ಬು ಇರಬಹುದು. "ಸಿನ್ ಮಾಂತೆಕಾ", ಅಂದರೆ ಕೊಬ್ಬು ಹಾಕದೆ, ಅನ್ನುವುದನ್ನು ಬಾಯಿಪಾಠ ಮಾಡಿ. ಕುಕ್ಕರ್ ತನ್ನಿ.

ಟ್ರಕ್ ಗಡಿ ದಾಟುವುದು

ನುಯೆವೊ ಲಿಯೋನ್‌ಗೆ ಅಮೆರಿಕದ ಟೆಕ್ಸಸ್ ಜೊತೆ ಇರುವ ಗಡಿಯ ಉದ್ದ ಬರೀ ಸುಮಾರು 15 ಕಿ.ಮೀ. ಅಲ್ಲಿ 1991ರಲ್ಲಿ ಕಟ್ಟಿದ ಕೊಲಂಬಿಯಾ ಸೇತುವೆ ಇದೆ. ಹೆಚ್ಚಿನ ಟ್ರಕ್‌ಗಳು ಪಕ್ಕದ ತಮೌಲಿಪಾಸ್ ರಾಜ್ಯದ ನುಯೆವೊ ಲಾರೆಡೊ ಮೇಲೆ ಹೋಗುತ್ತವೆ. ಮಾಂಟೆರ್ರೆಯಿಂದ ಎರಡೂ ಸುಮಾರು ಮೂರು ಗಂಟೆ. ಆದರೆ ನಿಮ್ಮ ಟ್ರಕ್ಕೇ ಅಮೆರಿಕದೊಳಗೆ ಹೋಗುವುದಿಲ್ಲ. ಮಾಲು ತುಂಬಿದ ಟ್ರೇಲರನ್ನು ಗಡಿಯವರೆಗೆ ಒಂದು ಎಂಜಿನ್ ಎಳೆಯುತ್ತದೆ. ಸೇತುವೆ ದಾಟಿಸುವುದಕ್ಕೇ ಬೇರೆ ಎಂಜಿನ್, ಅದಕ್ಕೆ "ಟ್ರಾನ್ಸ್‌ಫರ್" ಅನ್ನುತ್ತಾರೆ. ಆ ಕಡೆ ಅಮೆರಿಕದ ಡ್ರೈವರ್ ಮೂರನೇ ಎಂಜಿನ್ ಹಾಕುತ್ತಾನೆ. ಮೂರು ಕೈ, ಎರಡು ಕಸ್ಟಮ್ಸ್. ಒಂದು ಕಾಗದ ತಪ್ಪಾದರೆ ಎಲ್ಲರೂ ನಿಲ್ಲುತ್ತಾರೆ.

ನನ್ನ ಮೂರನೇ ಲೋಡ್ ಹಾಗೆ ನಿಂತಿತ್ತು. ನನ್ನ ಕಸ್ಟಮ್ಸ್ ಏಜೆಂಟ್ ಪೆದಿಮೆಂತೊದಲ್ಲಿ, ಅಂದರೆ ಇಲ್ಲಿನ ಕಸ್ಟಮ್ಸ್ ಫಾರಂನಲ್ಲಿ, ಒಂದು ಅಂಕಿ ತಪ್ಪು ಹಾಕಿದ್ದ. ಇನ್‌ವಾಯ್ಸ್‌ನಲ್ಲಿ ಒಂದು ನಂಬರ್, ಫಾರಂನಲ್ಲಿ ಇನ್ನೊಂದು. ಶುಕ್ರವಾರ ಮಧ್ಯಾಹ್ನ ನಿಂತ ಟ್ರಕ್ ಸೋಮವಾರ ಸಂಜೆ ಬಿಟ್ಟರು. ಕಸ್ಟಮರ್‌ನ ಅಸೆಂಬ್ಲಿ ಲೈನ್ ನಿಲ್ಲಬಾರದು ಅಂತ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಿಂದ ವಿಮಾನದಲ್ಲಿ ಮಾಲು ಕಳಿಸಿದೆ. ಆ ತಿಂಗಳ ಲಾಭ ಪೂರ್ತಿ ಅದಕ್ಕೇ ಹೋಯಿತು.

ಆವತ್ತಿಂದ ಶುಕ್ರವಾರ ಲೋಡ್ ಕಳಿಸುವುದಿಲ್ಲ. ಮಂಗಳವಾರ, ಗುರುವಾರ ಅಷ್ಟೇ. ಹಿಂದಿನ ರಾತ್ರಿ ಪೆದಿಮೆಂತೊದ ಕರಡು ವಾಟ್ಸಾಪ್‌ಗೆ ಬರಬೇಕು. ಪ್ರಿಂಟ್ ತೆಗೆದು ಇನ್‌ವಾಯ್ಸ್ ಪಕ್ಕ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಅಂಕಿಗೆ ಟಿಕ್ ಹಾಕುತ್ತೇನೆ. ನಂಬರ್, ತೂಕ, ಎಷ್ಟು ಪೀಸು, ಹುಟ್ಟೂರು. ಹತ್ತು ನಿಮಿಷದ ಕೆಲಸ. ಟಿಕ್ ಆಗದೆ ಡ್ರೈವರ್‌ಗೆ ಕೀ ಕೊಡುವುದಿಲ್ಲ.