ಲೋಟ, ಸೊಳ್ಳೆ, ಬ್ಲೇಡು: ಎಚ್‌ಐವಿ ಭಯ ಬಿಡಿಸುವ ನನ್ನ ಕೆಲಸ

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೇಂದ್ರದಲ್ಲಿ, ಕೌನ್ಸೆಲರ್. ಎಚ್‌ಐವಿ ಪರೀಕ್ಷೆಗೆ ಮೊದಲು ಮತ್ತು ರಿಪೋರ್ಟ್ ಬಂದ ಮೇಲೆ ಜನರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬರುವವರಲ್ಲಿ ಒಂದಿಷ್ಟು ಜನರಿಗೆ ಪರೀಕ್ಷೆಯ ಅಗತ್ಯವೇ ಇರುವುದಿಲ್ಲ. ಪಾಸಿಟಿವ್ ಇದ್ದವರ ಪಕ್ಕ ಬಸ್ಸಿನಲ್ಲಿ ಕೂತಿರುತ್ತಾರೆ, ಇಲ್ಲವೇ ಅವರು ಕುಡಿದ ಲೋಟದಲ್ಲಿ ನೀರು ಕುಡಿದಿರುತ್ತಾರೆ. ಅಷ್ಟಕ್ಕೇ ನಿದ್ದೆ ಕೆಟ್ಟಿರುತ್ತದೆ.

ಕೋಣೆಯ ಹೊರಗೆ ಪೋಸ್ಟರ್ ಇದೆ. ಕೈಕುಲುಕಿದರೆ ಹರಡುವುದಿಲ್ಲ, ಜೊತೆಗೆ ಉಂಡರೆ ಹರಡುವುದಿಲ್ಲ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಅದನ್ನು ಓದಿಯೇ ಒಳಗೆ ಬರುತ್ತಾರೆ. ಬಂದು ಕೂತು, "ಅದೆಲ್ಲಾ ಖರೆ ರೀ ಮೇಡಂ, ಆದ್ರ ನನ್ನ ಬೆರಳಿಗೆ ಗಾಯ ಆಗಿತ್ತು" ಅನ್ನುತ್ತಾರೆ. ಪೋಸ್ಟರ್‌ನಲ್ಲಿ ಆ ಬೆರಳಿನ ಗಾಯದ ಮಾತಿಲ್ಲ, ಅಲ್ವಾ? ಹಾಗಾಗಿ "ಹೆದರಬೇಡಿ, ಏನೂ ಆಗಲ್ಲ" ಅಂತ ನಾನು ಮಾತು ಶುರು ಮಾಡುವುದಿಲ್ಲ. "ಅವರ ಮೈಯಿಂದ ನಿಮ್ಮ ಮೈಗೆ ವೈರಸ್ ಹೇಗೆ ಬಂತು ಅಂತ ನಿಮಗೆ ಅನಿಸುತ್ತದೆ, ದಾರಿ ಹೇಳಿ" ಅಂತ ಕೇಳುತ್ತೇನೆ.

ಅರ್ಧ ದಾರಿಯಲ್ಲೇ ತಡವರಿಸುವವರು ಹೆಚ್ಚು. ಆಮೇಲೆ ಇಬ್ಬರೂ ಸೇರಿ ಅದನ್ನು ಬಿಡಿಸುತ್ತೇವೆ. ಮೊದಲು, ಯಾವ ದ್ರವದಲ್ಲಿ ಹೊರಗೆ ಬಂತು? ಸೋಂಕು ದಾಟಿಸುವಷ್ಟು ವೈರಸ್ ಇರುವುದು ರಕ್ತ, ವೀರ್ಯ, ಯೋನಿ ಮತ್ತು ಗುದದ್ವಾರದ ದ್ರವ, ಎದೆಹಾಲಿನಲ್ಲಿ. ಎಂಜಲು, ಬೆವರು, ಕಣ್ಣೀರು, ಮೂತ್ರದಿಂದ ದಾಟುವುದಿಲ್ಲ. ಹೊರಗೆ ಬಂದದ್ದು ಉಳಿಯಿತೇ? ಗಾಳಿಗೆ ಒಣಗಿದರೆ ಈ ವೈರಸ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಮನುಷ್ಯನ ಮೈ ಬಿಟ್ಟು ಹೊರಗೆ ಬೆಳೆಯುವುದೂ ಇಲ್ಲ. ಒಳಗೆ ಹೋದದ್ದು ಎಲ್ಲಿಂದ? ಗಾಯವಿಲ್ಲದ ಚರ್ಮ ಅದನ್ನು ಒಳಗೆ ಬಿಡುವುದಿಲ್ಲ. ಬೆರಳಿಗೆ ಗಾಯ ಇದ್ದರೂ ಅದರ ಮೇಲೆ ಬಿದ್ದದ್ದು ಬೆವರೋ ರಕ್ತವೋ ಅನ್ನುವುದು ಮೊದಲು ಗೊತ್ತಾಗಬೇಕು. ಕೈಕುಲುಕಿದ್ದರೆ ಬೆವರು. ಮಾತು ಅಲ್ಲಿಗೆ ಮುಗಿಯಿತು.

ಸೊಳ್ಳೆಯ ಪ್ರಶ್ನೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಡೆಂಗಿ, ಮಲೇರಿಯಾ ಕಂಡ ಜನ ನಾವು, ಅನುಮಾನ ಬರುವುದು ಸಹಜವೇ. ಸೊಳ್ಳೆ ಅಂದರೆ ಹಾರುವ ಸಿರಿಂಜ್ ಅಂದುಕೊಂಡಿರುತ್ತಾರೆ. ಆದರೆ ಅದಕ್ಕೆ ರಕ್ತ ಹೀರುವ ಕೊಳವೆ ಬೇರೆ, ಎಂಜಲು ಬಿಡುವ ಕೊಳವೆ ಬೇರೆ. ಒಬ್ಬರಿಂದ ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದಿಲ್ಲ. ಎಚ್‌ಐವಿ ಬೆಳೆಯಲು ಮನುಷ್ಯರ ಸಿಡಿ4 ಜೀವಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣ, ಬೇಕು. ಸೊಳ್ಳೆಯಲ್ಲಿ ಅದಿಲ್ಲ, ಹೊಟ್ಟೆಗೆ ಹೋದ ವೈರಸ್ ಅಲ್ಲೇ ಅರಗಿ ಹೋಗುತ್ತದೆ. ಇಷ್ಟು ಹೇಳಿದರೆ ತಲೆ ಆಡಿಸುತ್ತಾರೆ, ಆದರೆ ಮುಖದ ಗಂಟು ಬಿಚ್ಚಿರುವುದಿಲ್ಲ. ಆಗ ಕೇಳುತ್ತೇನೆ, "ನಿಮ್ಮ ಓಣಿಯಾಗ ಸೊಳ್ಳಿ ಯಾರಿಗೆ ಕಡೀತಾವ?" "ಎಲ್ಲಾರಿಗೂ ರೀ." "ಹಂಗಾದ್ರ ಸಾಲಿಗೆ ಹೋಗೋ ಹುಡುಗರು, ಮನೀ ಬಿಟ್ಟು ಹೊರಗ ಬರದ ಅಜ್ಜಿ, ಎಲ್ಲಾರಿಗೂ ಬರಬೇಕಿತ್ತಲ್ಲಾ?" ಎಚ್‌ಐವಿ ಹಾಗೆ ಓಣಿಗೆ ಓಣಿಯೇ ಹಬ್ಬುವುದಿಲ್ಲ. ಹೆಚ್ಚಾಗಿ ಕಾಣುವುದು ಹರೆಯದವರಲ್ಲಿ, ನಡುವಯಸ್ಸಿನವರಲ್ಲಿ. ಮಕ್ಕಳಲ್ಲಿ ಕಂಡರೆ ಬಹುತೇಕ ತಾಯಿಯಿಂದ ಬಂದದ್ದು. ಕೊಳವೆಯ ವಿಜ್ಞಾನಕ್ಕಿಂತ ಓಣಿಯ ಈ ಲೆಕ್ಕ ಜಾಸ್ತಿ ನಾಟುತ್ತದೆ.

ಕ್ಷೌರದಂಗಡಿಯ ಬ್ಲೇಡಿನ ವಿಷಯಕ್ಕೆ ಬಂದರೆ ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹೊಸ ಬ್ಲೇಡು ಕೇಳಿ ಹಾಕಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಅದಕ್ಕೆ ದೊಡ್ಡ ಕಾರಣ ಯಕೃತ್ತಿಗೆ ಬರುವ ಹೆಪಟೈಟಿಸ್ ಬಿ ಸೋಂಕು. ಆ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಉಳಿಯಬಲ್ಲದು. ನಿಜ ಇರುವ ಕಡೆ ನಿಜ ಒಪ್ಪಿಕೊಂಡರೆ, ಉಳಿದ ಮಾತನ್ನೂ ಜನ ನಂಬುತ್ತಾರೆ. ಇಲ್ಲೇ ನನ್ನ ಬಳಿ ಇರುವ ಅತಿ ಉಪಯೋಗದ ಸಂಖ್ಯೆಯನ್ನು ಹೇಳುತ್ತೇನೆ. ಚಿಕಿತ್ಸೆ ಪಡೆಯದ ಪಾಸಿಟಿವ್ ರೋಗಿಗೆ ಚುಚ್ಚಿದ ಸೂಜಿ ನರ್ಸ್ ಒಬ್ಬರ ಬೆರಳಿಗೆ ಅಕಸ್ಮಾತ್ ಚುಚ್ಚಿದರೆ, ಔಷಧಿ ತೆಗೆದುಕೊಳ್ಳದಿದ್ದರೂ, ಅಂಥ 1000 ಘಟನೆಗಳಲ್ಲಿ ಸೋಂಕು ತಗಲುವುದು ಸುಮಾರು 3ರಲ್ಲಿ. 72 ಗಂಟೆಯೊಳಗೆ ಪಿಇಪಿ, ಅಂದರೆ ಸೋಂಕು ತಗಲದಂತೆ ತಡೆಯುವ ಗುಳಿಗೆ, ಶುರು ಮಾಡಿ 28 ದಿನ ನುಂಗಿದರೆ ಅದೂ ಬಹಳ ಕಡಿಮೆಯಾಗುತ್ತದೆ. ರಕ್ತ ತುಂಬಿದ ಸೂಜಿ ನೇರವಾಗಿ ಮಾಂಸಕ್ಕೆ ಹೋದಾಗಲೇ ಲೆಕ್ಕ ಹೀಗಿದ್ದರೆ, ಬಸ್ಸಿನ ಕಂಬಿ ಹಿಡಿದದ್ದಕ್ಕೆ ಎಷ್ಟು ಹೆದರಬೇಕು ಅಂತ ಅವರೇ ಅಳೆದುಕೊಳ್ಳುತ್ತಾರೆ.

ನಿಜವಾಗಿ ಕಷ್ಟ ಆಗುವುದು ಬೇರೆ ಬಗೆಯವರ ಜೊತೆ. ಇವರು ಮತ್ತೆ ಮತ್ತೆ ಬರುತ್ತಾರೆ. ಇಲ್ಲಿ ನೆಗೆಟಿವ್ ಬಂದರೆ ಖಾಸಗಿ ಲ್ಯಾಬಿಗೆ, ಅಲ್ಲೂ ನೆಗೆಟಿವ್ ಬಂದರೆ ಪಕ್ಕದ ಜಿಲ್ಲೆಗೆ. ಕಿಟ್ ಸರಿ ಇತ್ತೇ, ಹೆಸರು ಅದಲುಬದಲಾಯಿತೇ ಅಂತ ಕೇಳುತ್ತಾರೆ. ಮೊಬೈಲಿನಲ್ಲಿ ರೋಗಲಕ್ಷಣ ಓದಿ ನಾಲಿಗೆ ಚಾಚಿ ತೋರಿಸುತ್ತಾರೆ, ತೂಕ ಇಳಿದಿದೆ ಅನ್ನುತ್ತಾರೆ. ತೂಕ ಇಳಿದಿರುವುದು ನಿಜ. ಹೆದರಿಕೆಗೆ ಊಟವೇ ಸೇರದಿದ್ದರೆ ಇಳಿಯದೇ ಏನಾಗುತ್ತದೆ?

ಅಂಥ ಒಬ್ಬ ತರುಣ ಕ್ಷೌರದಂಗಡಿಯ ಕತೆಯನ್ನೇ ಹಿಡಿದುಕೊಂಡು ಬರುತ್ತಿದ್ದ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಸೋಂಕು ತಗಲಿದ್ದರೂ ಪರೀಕ್ಷೆಯಲ್ಲಿ ಕಾಣದಿರಬಹುದಾದ ಅವಧಿಗೆ ವಿಂಡೋ ಪಿರಿಯಡ್ ಅನ್ನುತ್ತೇವೆ. ಅದರ ಮೂರು ತಿಂಗಳು ದಾಟಿದ ಮೇಲೂ ಅವನ ರಿಪೋರ್ಟ್ ನೆಗೆಟಿವ್. ಆಮೇಲೆ ಕೇಳಿದಾಗ ನಾನು ಪರೀಕ್ಷೆ ಬರೆದುಕೊಡಲಿಲ್ಲ. ಪ್ರತಿ ರಿಪೋರ್ಟ್ ಒಂದೆರಡು ದಿನ ಸಮಾಧಾನ ಕೊಡುತ್ತದೆ, ಮೂರನೆಯ ದಿನ ಭಯ ಇನ್ನಷ್ಟು ಹಸಿದು ಏಳುತ್ತದೆ. ಬಾಗಿಲು ಹಾಕಿ, "ಬ್ಲೇಡಿನ ವಿಷಯ ಬಿಡು, ಬೇರೆ ಏನಾದರೂ ಮನಸ್ಸಿನಲ್ಲಿ ಕೊರೀತಾ ಇದೆಯಾ?" ಅಂದೆ. ಬಹಳ ಹೊತ್ತಿನ ಮೇಲೆ ಹೇಳಿದ. ಮದುವೆ ಗೊತ್ತಾಗಿತ್ತು. ಅದಕ್ಕೂ ಮೊದಲು ಒಮ್ಮೆ ಒಬ್ಬರ ಜೊತೆ ಇದ್ದ, ಕಾಂಡೋಮ್ ಬಳಸಿಯೇ. ಅವನನ್ನು ತಿನ್ನುತ್ತಿದ್ದದ್ದು ವೈರಸ್ ಅಲ್ಲ, ತಪ್ಪು ಮಾಡಿದೆನೆಂಬ ಭಾವ. ಅದನ್ನು ಯಾವ ಕಿಟ್ಟಿನಲ್ಲಿ ಪರೀಕ್ಷೆ ಮಾಡುವುದು? ನಾನು ಬುದ್ಧಿ ಹೇಳಲು ಹೋಗಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಅವನ ರಿಪೋರ್ಟಿನ ಅರ್ಥ ಇನ್ನೊಮ್ಮೆ ಹೇಳಿ, ಮನೋವೈದ್ಯರ ಬಳಿ ಕಳಿಸಿದೆ. ಈಗ ಇಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಡುತ್ತೇನೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರ ಭಯ ಇನ್ನೊಂದು ರೀತಿ. ಪಾಸಿಟಿವ್ ಇರುವ ಮೈದುನನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಇಟ್ಟಿದ್ದ ಒಬ್ಬ ಹೆಣ್ಣುಮಗಳು, "ನನ್ನ ಚಿಂತಿ ಇಲ್ಲ ರೀ, ಕೂಸು ಅವರ ತಾಟಿನಾಗ ಕೈ ಹಾಕ್ತದ" ಅಂದಳು. ಅವಳನ್ನು ಕ್ರೂರಿ ಅನ್ನಲು ನನಗೆ ಮನಸ್ಸಾಗಲಿಲ್ಲ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದಾಗ ಔಷಧಿಯೇ ಇರಲಿಲ್ಲ, ಸರ್ಕಾರ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಗುಳಿಗೆ, ಕೊಡಲು ಶುರು ಮಾಡಿದ್ದು 2004ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಕಂಡದ್ದು ಬರೀ ಸಾವು. ಆಗ ಕೂತ ಭಯವೇ ಅವಳಿಗೆ ಹಿರಿಯರಿಂದ ಬಂದಿತ್ತು.

ಮೈದುನ ಒಪ್ಪಿದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ಅವನ ವೈರಲ್ ಲೋಡ್ ರಿಪೋರ್ಟ್ ತೋರಿಸಿದೆ. ಗುಳಿಗೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದಲೂ ದಾಟುವುದಿಲ್ಲ. ಒಬ್ಬರಿಗೆ ಪಾಸಿಟಿವ್, ಇನ್ನೊಬ್ಬರಿಗೆ ನೆಗೆಟಿವ್ ಇದ್ದ ಜೋಡಿಗಳನ್ನು ಯುರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿ ಖಚಿತ ಮಾಡಿಕೊಂಡ ಸಂಗತಿ ಇದು. "ಗಂಡ ಹೆಂಡತಿ ನಡುವೇ ದಾಟದ್ದು ತಾಟಿನಿಂದ ದಾಟುತ್ತಾ?" ಅಂದೆ. ಅವಳು ನಕ್ಕಳು. ಆದರೆ ಲೋಟ ಒಟ್ಟಿಗೆ ಇಡಲು ಮತ್ತೂ ಸಮಯ ಹಿಡಿಯಿತು. ಮೊದಲು ಹಾಸಿಗೆ ಒಳಗೆ ಬಂತು, ಆಮೇಲೆ ತಟ್ಟೆ. ಹಾಗೆ ಒಂದೊಂದಾಗಿ ಆಗಲಿ ಅಂತ ನಾನೂ ಅವಸರ ಮಾಡಲಿಲ್ಲ.

ಅಕ್ಕಪಕ್ಕದವರು ಬಂದು, "ಅವರಿಗೆ ಅದು ಐತಂತಲ್ಲ, ಖರೆ ಏನ್ರೀ?" ಅಂತ ಮೆಲ್ಲಗೆ ಕೇಳುವುದುಂಟು. ಹೌದು ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. 2017ರಲ್ಲಿ ಆಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ನಾವು ಬಯಲು ಮಾಡುವಂತಿಲ್ಲ. ಸೋಂಕಿದೆ ಅಂತ ಮಗುವಿಗೆ ಶಾಲೆ ನಿರಾಕರಿಸುವುದು, ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದೂ ಅದರಲ್ಲಿ ನಿಷಿದ್ಧ. ಕೇಳಿದವರಿಗೆ ಇಷ್ಟು ಹೇಳಿ, ನಿಮಗೆ ಏನಾದರೂ ಅನುಮಾನ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಹೆಸರು ಹೇಳುವುದೂ ಬೇಡ ಅನ್ನುತ್ತೇನೆ. ನಂಬರ್ ಬರೆದುಕೊಳ್ಳದೆ ಹೋದವರು ಕಡಿಮೆ.