ಡಿಸ್ಚಾರ್ಜ್ ಬುಕ್ಕಿನ ಒಂದು ಅಕ್ಷರ

ಸೈನ್ಯದಲ್ಲಿ ನನ್ನದು ಕ್ಲರ್ಕ್ ಟ್ರೇಡ್. ಸುಬೇದಾರನಾಗಿ ಪೆನ್ಷನ್ ಬಂದು ಬೆಳಗಾವಿಯಲ್ಲಿ ನೆಲೆಸಿದ ಮೇಲೆ, ಸುತ್ತಲಿನ ಹಳ್ಳಿಗಳ ಹುಡುಗರು ನೌಕರಿ ಅರ್ಜಿ ಹಿಡಿದು ಮನೆಗೆ ಬರತೊಡಗಿದರು. ಹುಡುಗರೆಂದರೆ ಸೈನ್ಯದ ಸೇವೆ ಮುಗಿಸಿ ಬಂದ, ಮೂವತ್ತೆಂಟು ದಾಟಿದವರು.

ಗೋಕಾಕ ಕಡೆಯ ಒಬ್ಬ ಸಿಪಾಯಿ ಬಂದದ್ದು ಚೆನ್ನಾಗಿ ನೆನಪಿದೆ. ಹದಿನೇಳು ವರ್ಷದ ಸರ್ವಿಸ್. ಬ್ಯಾಂಕ್ ಕ್ಲರ್ಕ್ ಹುದ್ದೆ ಕರೆದಿದ್ದರು. "ಸಾಹೇಬ್ರ, ಡಿಗ್ರಿ ಕೇಳ್ಯಾರ. ನಾ ಹತ್ತನೇ ಪಾಸ್ ಅಷ್ಟ ಅದೀನ್ರಿ. ವಯಸ್ಸೂ ಮೀರೈತಿ" ಅಂದ. ಎರಡೂ ತಪ್ಪು ತಿಳಿವಳಿಕೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಸೈನ್ಯದ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು, ಕನಿಷ್ಠ 15 ವರ್ಷ ಸೇವೆ ಮುಗಿಸಿದವರು ಅಂಥ ಹುದ್ದೆಗೆ ಅರ್ಜಿ ಹಾಕಬಹುದು. ವಯಸ್ಸಿನ ಲೆಕ್ಕ ಹಾಳೆಯ ಮೇಲೆ ಬರೆದು ತೋರಿಸಿದೆ: 38ರಲ್ಲಿ ಸೇವೆಯ 17 ಕಳೆದರೆ 21, ಅದರಲ್ಲಿ ಮಾಜಿ ಸೈನಿಕರಿಗೆ ಸಿಗುವ ಹೆಚ್ಚುವರಿ ರಿಯಾಯಿತಿ 3 ವರ್ಷ ಕಳೆದರೆ 18. ಮಿತಿ ಇದ್ದದ್ದು 28. ಆ ಹಾಳೆಯನ್ನು ಅವನು ಮಡಚಿ ಜೇಬಿಗೆ ಹಾಕಿಕೊಂಡ.

ಸರ್ಕಾರಿ ಬ್ಯಾಂಕುಗಳಲ್ಲಿ ಕ್ಲರ್ಕ್ ಹುದ್ದೆಗೆ ಮಾಜಿ ಸೈನಿಕರಾದ ನಮಗೆ ಶೇ. 14.5 ಮೀಸಲು, ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 10. ಜಾಗ ಇದೆ. ನಮ್ಮವರು ಸೋಲುವುದು ಹೆಚ್ಚಾಗಿ ಕಾಗದದಲ್ಲಿ. ಸೈನ್ಯ ಬಿಡುವಾಗ ಕೊಡುವ ಸೇವಾ ದಾಖಲೆಯಾದ ಅವನ ಡಿಸ್ಚಾರ್ಜ್ ಬುಕ್ಕನ್ನೂ ಮಾರ್ಕ್ಸ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆ. ತಂದೆಯ ಹೆಸರು ಮಲ್ಲಪ್ಪ. ಬುಕ್ಕಿನಲ್ಲಿ ಇಂಗ್ಲಿಷಿನ ಒಂದು 'ಎಲ್' ಬಿಟ್ಟುಹೋಗಿತ್ತು. ಸರ್ವಿಸ್‌ನಲ್ಲಿದ್ದಾಗಲೇ ಯೂನಿಟ್ಟಿನ ಹೆಡ್‌ಕ್ಲರ್ಕ್ ಹತ್ತಿರ ಹೋಗಿದ್ದರೆ ಪಾರ್ಟ್ ಟು ಆರ್ಡರ್, ಅಂದರೆ ಸೈನಿಕನ ದಾಖಲೆ ಬದಲಿಸುವ ಯೂನಿಟ್ಟಿನ ಆದೇಶ, ಹೊರಡಿಸಿ ಸರಿಮಾಡುತ್ತಿದ್ದರು. ಈಗ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಸಲದ ಅರ್ಜಿಯ ದಿನಾಂಕ ಮೀರಿತು. ಮುಂದಿನ ಸಲ ಬರೆದು ಪಾಸಾದ. ಶಾಲೆ ಕನ್ನಡದಲ್ಲೇ ಓದಿದ್ದರಿಂದ ರಾಜ್ಯಭಾಷೆ ಓದು-ಬರಹದ ಷರತ್ತು ಅವನಿಗೆ ಭಾರವಾಗಲಿಲ್ಲ.

ಅಂದಿನಿಂದ, ರಜೆಗೆ ಊರಿಗೆ ಬರುವವರಿಗೆ ನಾನು ಮೊದಲು ಹೇಳುವುದು: ಪೆನ್ಷನ್ನಿಗೆ ಒಂದು ವರ್ಷ ಇರುವಾಗಲೇ ನಿನ್ನ ದಾಖಲೆ ನೀನೇ ಓದು. ಆ ಕೊನೆಯ ವರ್ಷದಲ್ಲೇ ಅರ್ಜಿ ಹಾಕುವುದಕ್ಕೂ ಅವಕಾಶವಿದೆ. ಊರಿಗೆ ಬಂದ ವಾರದಲ್ಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಮಾಡಿಸಿಕೋ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತೇ ಇಲ್ಲ, ನನಗೆ ಅದರದೇ ಸಂಕಟ. ಒಮ್ಮೆ ಸರ್ಕಾರಿ ನೌಕರಿಗೆ ಸೇರಿದರೆ ಮಾಜಿ ಸೈನಿಕ ಮೀಸಲಾತಿ ಅಲ್ಲಿಗೆ ಮುಗಿಯುತ್ತದೆ. ಆದರೆ ಸೇರುವ ಮೊದಲೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಅವುಗಳ ವಿವರವನ್ನು ದಿನಾಂಕ ಸಮೇತ ಬರೆದು ಕಚೇರಿಗೆ ಕೊಡಬೇಕು. ಕೊಟ್ಟವರಿಗೆ ಆ ಅರ್ಜಿಗಳ ಮಟ್ಟಿಗೆ ಮೀಸಲಾತಿ ಉಳಿಯುತ್ತದೆ. ಕೇಂದ್ರದ 2014ರ ಆದೇಶವೇ ಇದೆ. ನನ್ನ ಹತ್ತಿರ ಬಂದಿದ್ದ ಒಬ್ಬ ಹವಾಲ್ದಾರ ಇದನ್ನು ಕೊಡದೆ ಸಣ್ಣ ಹುದ್ದೆಗೆ ಸೇರಿಬಿಟ್ಟ. ಆರು ತಿಂಗಳಿಗೆ ದೊಡ್ಡ ಹುದ್ದೆಗೆ ಆಯ್ಕೆಯಾದರೂ ದಾಖಲೆ ಪರಿಶೀಲನೆಯಲ್ಲಿ ಹಿಂದಕ್ಕೆ ಕಳಿಸಿದರು. ಸೇರುವಾಗ ನಾನು ನೆನಪಿಸಿರಲಿಲ್ಲ. ಅದು ನನ್ನ ತಪ್ಪು.

ಈಗ ನೇಮಕಾತಿ ಪತ್ರ ಹಿಡಿದು ಪೇಢೆ ಕೊಡಲು ಬಂದವರನ್ನು ಕೂರಿಸಿಕೊಂಡು, ಆ ಘೋಷಣೆಯನ್ನು ಅವರ ಕೈಯಲ್ಲೇ ಎರಡು ಪ್ರತಿ ಬರೆಸುತ್ತೇನೆ. ಒಂದರ ಮೇಲೆ ಕಚೇರಿಯ ಇನ್‌ವರ್ಡ್ ಮೊಹರು, ಅಂದರೆ ಕಾಗದ ತಲುಪಿದ್ದಕ್ಕೆ ಗುರುತು, ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡ ಅಂತ ಹೇಳಿಯೇ ಕಳಿಸುವುದು.